ಆ್ಯಪ್ ರಚಿಸುವವನು ತೆರುವ ಸುಂಕ

ಆದೋನಿಯ ಮಾರುಕಟ್ಟೆಗೆ ಹತ್ತಿಯನ್ನು ಒಯ್ಯುವ ರೈತನಿಗೆ ಬೆಳೆಯುವ ಖರ್ಚು ಒಂದಾದರೆ, ಬೆಳೆದುದನ್ನು ಕೊಳ್ಳುವವರ ಮುಂದೆ ಇಡುವ ಖರ್ಚು ಮತ್ತೊಂದು. ಈ ಎರಡನೆಯದು ಹೊಲದಲ್ಲಿ ನಿಂತವರ ಕಣ್ಣಿಗೆ ಬೀಳುವುದಿಲ್ಲ. ಮೊಬೈಲ್ ಫೋನಿನ ಆ್ಯಪ್‌ಗಳ ವಿಷಯದಲ್ಲಿಯೂ ಇಂಥದೊಂದು ಖರ್ಚುಂಟು. ಗಣಕವಿದ್ಯೆಯನ್ನು ಕಲಿತು ಸ್ವಂತವಾಗಿ ಏನನ್ನಾದರೂ ರಚಿಸಬೇಕೆಂಬ ಹಂಬಲವುಳ್ಳ ನಮ್ಮ ವಿದ್ಯಾರ್ಥಿಗಳು ಅದನ್ನು ಮೊದಲೇ ತಿಳಿದಿರುವುದು ಉಚಿತ.

ಹಿಂದೆ ಈ ತೊಡಕು ಇರಲಿಲ್ಲ. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ‘ಬರಹ’ ತಂತ್ರಾಂಶವನ್ನು ಹೊರತಂದಾಗ, ಅದನ್ನು ಕನ್ನಡಿಗರ ಗಣಕಗಳಿಗೆ ತಲಪಿಸಲು ಮೈಕ್ರೋಸಾಫ್ಟ್ ಸಂಸ್ಥೆಗೆ ವರ್ಷವರ್ಷವೂ ಸದಸ್ಯತ್ವ ಶುಲ್ಕವನ್ನು ಕಟ್ಟಬೇಕಾಗಿರಲಿಲ್ಲ. ಬೇಕಾದವರು ಅಂತರಜಾಲದಿಂದ ಇಳಿಸಿಕೊಂಡರು. 2008ರ ಜುಲೈಯಲ್ಲಿ ಆಪಲ್ ಸಂಸ್ಥೆಯ ಆ್ಯಪ್ ಸ್ಟೋರ್ ಪ್ರಾರಂಭವಾದ ಮೇಲೆ ಪದ್ಧತಿಯೇ ಬೇರೆಯಾಯಿತು. ಐಫೋನಿನೊಳಕ್ಕೆ ಜನಸಾಮಾನ್ಯರಿಗಾಗಿ ತೆರೆದ ಬಾಗಿಲು ಒಂದೇ ಆಯಿತು. ಆ ಬಾಗಿಲಲ್ಲಿ ಸುಂಕದ ಕಟ್ಟೆಯೂ ಬಂದಿತು.

ಆಪಲ್ ಸಂಸ್ಥೆಯು ತಯಾರಕರಿಂದ ಪಡೆಯುವ ಶುಲ್ಕ ವರ್ಷಕ್ಕೆ 99 ಡಾಲರು. ಗೂಗಲ್ ಪ್ಲೇ ಕೇಳುವುದು 25 ಡಾಲರು, ಅದೂ ಒಮ್ಮೆ ಮಾತ್ರ. ಡಾಲರಿಗೆ 85 ರೂಪಾಯಿಯಂತೆ ಗಣಿಸಿದರೆ ಮೊದಲನೆಯದು 8,415 ರೂಪಾಯಿ, ಎರಡನೆಯದು 2,125 ರೂಪಾಯಿ. ಹತ್ತು ವರ್ಷಗಳ ಲೆಕ್ಕ ಹಿಡಿಯಿರಿ: ಒಂದೆಡೆ 84,150 ರೂಪಾಯಿ, ಇನ್ನೊಂದೆಡೆ ಅದೇ 2,125.

ಆ್ಯಪ್ ಮಾರಿ ಈ ಹಣವನ್ನು ಸಂಪಾದಿಸಬಹುದಲ್ಲ ಎಂದು ಕೇಳುವಿರಿ. ಬೆಲೆ 10 ರೂಪಾಯಿ ಎಂದಿಟ್ಟುಕೊಳ್ಳೋಣ. ಸಣ್ಣ ತಯಾರಕರಿಗಾಗಿ 2021ರಲ್ಲಿ ಬಂದ ಯೋಜನೆಗೆ ಸೇರಿದವರಿಂದ ಆಪಲ್ ನೂರಕ್ಕೆ 15ರಷ್ಟು ಮುರಿದುಕೊಳ್ಳುತ್ತದೆ. ತೆರಿಗೆಯನ್ನು ಬದಿಗಿಟ್ಟರೆ ಕೈಗೆ ಬರುವುದು ಎಂಟೂವರೆ ರೂಪಾಯಿ. ಶುಲ್ಕವೊಂದನ್ನು ತೀರಿಸುವುದಕ್ಕೇ ಪ್ರತಿವರ್ಷವೂ 990 ಮಂದಿ ಹೊಸದಾಗಿ ಕೊಳ್ಳಬೇಕು. ಕೋಟಿಗಟ್ಟಲೆ ಗಳಿಸುವ ಕಂಪೆನಿಗೂ ಇದೇ 99 ಡಾಲರು, ಬಿಡುವಿನಲ್ಲಿ ದುಡಿಯುವ ಉಪಾಧ್ಯಾಯನಿಗೂ ಇದೇ 99 ಡಾಲರು! ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೂ ವಿದ್ಯಾಸಂಸ್ಥೆಗಳಿಗೂ ಕೆಲವು ದೇಶಗಳಲ್ಲಿ ವಿನಾಯಿತಿಯುಂಟು. ಒಂಟಿಯಾಗಿ ದುಡಿಯುವ ವ್ಯಕ್ತಿಗೆ ಅದು ದೊರೆಯದು.

ಶುಲ್ಕಕ್ಕೆ ಕಾರಣವೇ ಇಲ್ಲವೆಂದು ಹೇಳಲಾಗದು. ಆ್ಯಪ್‌ಗಳನ್ನು ಪರೀಕ್ಷಿಸಲು ವೆಚ್ಚವಾಗುತ್ತದೆ. ಪುಕ್ಕಟೆ ಬಾಗಿಲಲ್ಲಿ ವಂಚಕರು ನುಗ್ಗುತ್ತಾರೆ. ಆದರೆ ವಾರ್ಷಿಕ ಶುಲ್ಕದಲ್ಲಿ ಬೇರೊಂದು ಕಷ್ಟವಿದೆ. ಸದಸ್ಯತ್ವ ಮುಗಿದರೆ ಆ್ಯಪ್ ಅಂಗಡಿಯಿಂದ ಮರೆಯಾಗುತ್ತದೆ. ಈಗಾಗಲೇ ಇಳಿಸಿಕೊಂಡವರ ಫೋನಿನಲ್ಲಿ ಮಾತ್ರ ಉಳಿಯುತ್ತದೆ. ಮುದ್ರಿತ ಪುಸ್ತಕವಾದರೋ ಕರ್ತೃವಿನ ಕೈ ಬರಿದಾದರೂ ಕಪಾಟಿನಲ್ಲಿ ಇದ್ದೇ ಇರುತ್ತದೆ.

ನಮ್ಮಂಥವರಿಗೆ ಇದು ದೂರದ ಸಂಗತಿಯಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದಂದಿನಿಂದ ಈ ಸೀಮೆಯ ಕನ್ನಡದ ಮಕ್ಕಳು ಎಣಿಕೆಯಲ್ಲಿ ಸ್ವಲ್ಪರು. ತೆಲುಗಿನಿಂದ ಕನ್ನಡಕ್ಕೆ ಪದಗಳನ್ನು ತಿಳಿಸುವ ಆ್ಯಪ್ ಒಂದನ್ನು ದೇವನಕೊಂಡದ ಹುಡುಗನೊಬ್ಬನು ರಚಿಸಿದನೆನ್ನಿ. ಅದನ್ನು 990 ಮಂದಿ ವರ್ಷವರ್ಷವೂ ಕೊಳ್ಳುವರೇ? ಬಳಸುವವರು ಕಡಮೆಯಾದಷ್ಟೂ ತಲೆಯೊಂದಕ್ಕೆ ಬೀಳುವ ಭಾರ ಹೆಚ್ಚು.

ಆದುದರಿಂದ ಅಂಥವನು ಆಂಡ್ರಾಯಿಡ್‌ನಿಂದ ಆರಂಭಿಸುವುದು ಲೇಸು. ಎಫ್-ಡ್ರಾಯಿಡ್ ಎಂಬ ಭಂಡಾರವು ಮೂಲಸಂಕೇತವನ್ನು ಮುಕ್ತವಾಗಿಟ್ಟ ಆ್ಯಪ್‌ಗಳನ್ನು ಶುಲ್ಕವಿಲ್ಲದೆ ಹಂಚುತ್ತದೆ. ಗೂಗಲ್ ಪ್ಲೇಯಲ್ಲಿ ಹಣಕ್ಕಿಂತ ಜನ ಬೇಕು: 2023ರ ನವೆಂಬರ್ ತರುವಾಯ ಖಾತೆ ತೆರೆದ ವ್ಯಕ್ತಿಗಳು ಮೊದಲು ಹಲವರಿಂದ 14 ದಿನ ಪರೀಕ್ಷೆ ಮಾಡಿಸಬೇಕು. ಪರೀಕ್ಷಕರ ಸಂಖ್ಯೆ ಮೊದಲು 20 ಇದ್ದು, 2024ರ ಕೊನೆಗೆ 12ಕ್ಕೆ ಇಳಿಯಿತು. ಒಂದು ತರಗತಿಯ ಗೆಳೆಯರು ಸಾಕು. ಡಾಲರಿನಲ್ಲಿ ಕಟ್ಟುವ ಮುನ್ನ ಬ್ಯಾಂಕಿನ ಕಾರ್ಡಿನಲ್ಲಿ ವಿದೇಶೀ ಪಾವತಿಗೆ ಅನುಮತಿ ಇದೆಯೇ ಎಂದು ನೋಡಿಕೊಳ್ಳಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಅದು ತಾನಾಗಿ ಇರುವುದಿಲ್ಲ.

ಸುಂಕದ ಕಟ್ಟೆಯನ್ನು ಹಾಯದೆ ಹೋಗುವ ದಾರಿ ಜಾಲಪುಟವೇ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಸಂಗ್ರಹಿಸಿದ, ಒಂದೂವರೆ ಲಕ್ಷಕ್ಕೂ ಮಿಕ್ಕ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಲೋಕಕ್ಕೆ ತೆರೆದುಕೊಂಡುದು ಜಾಲತಾಣವಾಗಿ. ಐಫೋನ್ ಇರುವವನೂ ಆಂಡ್ರಾಯಿಡ್ ಇರುವವನೂ ಅದನ್ನು ಒಂದೇ ರೀತಿಯಾಗಿ ಓದುತ್ತಾನೆ.