ಹೊಟ್ಟೆ ನೋಡಿ ಅಳೆಯಬೇಡಿ, ತಾಯಿ ಕಾರ್ಡ್ ನೋಡಿ

ಗುಲ್ವಾಡಿಯಲ್ಲಿ ಒಂದು ಸೀಮಂತದ ಊಟಕ್ಕೆ ಹೋಗಿದ್ದೆ. ಹೂ ಮುಡಿಸಿ ಕೂರಿಸಿದ್ದ ಹುಡುಗಿಗೆ ಏಳು ತಿಂಗಳು. ಬಂದವರು ಅಕ್ಷತೆ ಹಾಕುವ ಮೊದಲೇ ಶುರುಮಾಡಿದರು: ‘ಎಂತ ಹೆಣೆ, ಹೊಟ್ಟಿಯೇ ಕಾಂತಿಲ್ಲೆ?’ ಇನ್ನೊಬ್ಬರಿಗೆ ಅವಳ ಕೆನ್ನೆಯ ಬಂಗು ಕಂಡಿತು. ಹುಡುಗಿ ನಗುತ್ತಲೇ ಇದ್ದಳು, ಎಲೆಯ ಹೋಳಿಗೆ ಮಾತ್ರ ಹಾಗೇ ಉಳಿಯಿತು. ಇಂಥ ಮಾತಿಗೆ ಕುಗ್ಗದಿರಲು ಬಸುರಿಯರೂ ಮನೆಯವರೂ ಮಾಡಬೇಕಾದ್ದು ಇಷ್ಟು.

ಮೊದಲು, ತಪಾಸಣೆಗೆ ಹೋದಾಗಲೆಲ್ಲ ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿ. ಮೊದಲ ಮೂರು ತಿಂಗಳು ವಾಂತಿಯಿಂದ ತೂಕ ಇಳಿಯಲೂಬಹುದು. ಆಮೇಲೆ ತಿಂಗಳಿಗೆ ಸುಮಾರು 2 ಕೆ.ಜಿ. ಏರುತ್ತದೆ. ಮೊದಲೇ ತೆಳ್ಳಗಿದ್ದವರಿಗೆ ಹೆಚ್ಚು ಬೇಕು, ದಪ್ಪಗಿದ್ದವರಿಗೆ ಕಡಿಮೆ ಸಾಕು. ಹೊಟ್ಟೆಯ ಆಕಾರ ತಾಯಿಯ ಎತ್ತರ, ಹೊಟ್ಟೆಯ ಸ್ನಾಯುಗಳ ಬಿಗಿ, ಮಗು ಮಲಗಿದ ರೀತಿ, ಗರ್ಭದ ನೀರು ಇವನ್ನೆಲ್ಲ ಅವಲಂಬಿಸಿದೆ. ಚೊಚ್ಚಲ ಬಸುರಿನಲ್ಲಿ ತಡವಾಗಿ ಕಾಣುವುದು ಸಾಮಾನ್ಯ. ಬೆಳವಣಿಗೆ ತಿಳಿಯಲು ನರ್ಸ್ ಟೇಪು ಹಿಡಿಯುತ್ತಾರೆ: 20 ವಾರ ಕಳೆದ ಮೇಲೆ ಗರ್ಭಕೋಶದ ಎತ್ತರ ಸೆಂಟಿಮೀಟರಿನಲ್ಲಿ ಹೆಚ್ಚುಕಡಿಮೆ ವಾರಗಳ ಸಂಖ್ಯೆಯಷ್ಟೇ ಇರುತ್ತದೆ. ಆ ಟೇಪು ನೆಂಟರ ಕಣ್ಣಿನಲ್ಲಿಲ್ಲ.

ನನಗೆ ಸಿಟ್ಟು ಬರುವ ವಿಷಯ ಮುಂದಿನದು. ‘ಮಗು ದೊಡ್ಡದಾದರೆ ಆಪರೇಷನ್’ ಎಂದು ಯಾರೋ ಹೆದರಿಸುತ್ತಾರೆ. ಎಂಟನೇ ತಿಂಗಳಿಂದ ಹುಡುಗಿ ರಾತ್ರಿ ಊಟ ಬಿಡುತ್ತಾಳೆ. ಕನ್ನಡಿಯಲ್ಲಿ ದಪ್ಪ ಕಂಡೆನೆಂಬ ಬೇಸರವೂ ಅದಕ್ಕೆ ಸೇರುತ್ತದೆ. ಮನೆಯವರಿಗೆ ಗೊತ್ತೇ ಆಗುವುದಿಲ್ಲ, ‘ಎದೆಯುರಿ’ ಎಂದರೆ ಮುಗಿಯಿತು. ಮಗು ಹೆಚ್ಚು ತೂಕ ಕಟ್ಟಿಕೊಳ್ಳುವುದೇ ಆ ಕೊನೆಯ ವಾರಗಳಲ್ಲಿ. ಊಟ ಬಿಟ್ಟರೆ ಹೆರಿಗೆ ಸುಲಭವಾಗುವುದಿಲ್ಲ. ಬದಲಿಗೆ ರಕ್ತಹೀನತೆ, ಕಡಿಮೆ ತೂಕದ ಮಗು, ಇವುಗಳ ಭಯವಿದೆ. ಗಂಜಿ, ಮೀನು, ಮೊಟ್ಟೆ, ಬೇಳೆ, ಸೊಪ್ಪು ಇವನ್ನು ಸ್ವಲ್ಪಸ್ವಲ್ಪವಾಗಿ ಐದಾರು ಸಲ ತಿನ್ನಿ. ‘ಇಬ್ಬರ ಪಾಲು ತಿನ್ನು’ ಎಂದು ಒತ್ತಾಯಿಸುವ ಅತ್ತೆಯಂದಿರೇ, ಅದೂ ಬೇಡ. ಆದರೆ ಒಂದೇ ತಿಂಗಳಲ್ಲಿ 3 ಕೆ.ಜಿ.ಗಿಂತ ಹೆಚ್ಚು ಏರಿದರೆ, ಮುಖ, ಕೈ ಊದಿ ತಲೆನೋವು ಬಂದರೆ, ಕಣ್ಣು ಮಂಜಾದರೆ ಅದು ದಪ್ಪದ ಮಾತಲ್ಲ. ಅದೇ ದಿನ ಬಿ.ಪಿ. ನೋಡಿಸಿ.

ಬಂಗು, ಹೊಕ್ಕುಳಿನ ಕೆಳಗಿನ ಕಪ್ಪು ಗೆರೆ ಹೆರಿಗೆಯ ನಂತರದ ತಿಂಗಳುಗಳಲ್ಲಿ ಸಾಮಾನ್ಯವಾಗಿ ತಿಳಿಯಾಗುತ್ತವೆ. ಹೊಟ್ಟೆಯ ಬರೆಗಳು ಮಾಸುತ್ತವೆ, ಪೂರ್ತಿ ಹೋಗುವುದಿಲ್ಲ. ದುಬಾರಿ ಕ್ರೀಮಿಗೆ ದುಡ್ಡು ಹಾಕಬೇಡಿ. ಬಿಳಿ ಮಾಡುವ ಕ್ರೀಮನ್ನಂತೂ ವೈದ್ಯರನ್ನು ಕೇಳದೆ ಹಚ್ಚಲೇಬೇಡಿ.

ನೆಂಟರ ಮಾತಿಗೆ ಉತ್ತರ ಕೊಡಬೇಕಾದವಳು ಬಸುರಿಯಲ್ಲ, ಪಕ್ಕದಲ್ಲಿರುವ ಅಮ್ಮ ಅಥವಾ ಅತ್ತೆ. ‘ಡಾಕ್ಟ್ರು ಸರಿ ಇದೆ ಅಂದಿದ್ದಾರೆ’ ಎಂದರೆ ಸಾಕು. ಬೆಂಗಳೂರಿನ ಹೋಟೆಲಿನಲ್ಲಿ ದುಡಿಯುವ ಗಂಡಂದಿರೇ, ವಿಡಿಯೊ ಕರೆ ಮಾಡಿದಾಗ ‘ಹೊಟ್ಟೆ ತೋರಿಸು’ ಎನ್ನುವ ಮೊದಲು ‘ನಿದ್ರೆ ಬಂತಾ’ ಎಂದು ಕೇಳಿ.

ಕೊನೆಯದಾಗಿ, ಮನಸ್ಸು. ಒಂದೆರಡು ದಿನ ಅಳು ಬರುವುದು ಸಹಜ. ಎರಡು ವಾರ ಬಿಡದೆ ಬೇಸರವಿದ್ದು, ನಿದ್ರೆ ಬರದೆ, ಯಾವುದೂ ಬೇಡ ಎನಿಸಿದರೆ ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಹೇಳಿ. ಸಾಯುವ ಯೋಚನೆ ಬಂದರೆ ಮನೆಯವರು ಬಸುರಿಯನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.