ಸುಹೈಲಿ ಕಲಿಸಿದ ಮರಗೆಲಸ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ, ಕಾರ್ನ್‌ವಾಲ್ ಸೀಮೆಯಲ್ಲಿ, ಫಾಲ್ಮತ್ ಎಂಬ ಬಂದರಿದೆ. 2018ರ ಜೂನ್‌ನಲ್ಲಿ ಅಲ್ಲಿ ನಾನು ಸುಹೈಲಿಯನ್ನು ನೋಡಿದೆ. 32 ಅಡಿ ಉದ್ದ, 11 ಅಡಿ ಅಗಲ, ಎರಡು ಕೂವೆಮರ, ಮುಂದೂ ಹಿಂದೂ ಚೂಪಾಗಿ ಮುಗಿಯುವ ಒಡಲು. 1968ರ ಜೂನ್ 14ರಂದು ಇದೇ ಬಂದರಿನಿಂದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ ಈ ಹಾಯಿದೋಣಿಯಲ್ಲಿ ಹೊರಟರು. ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಿ, 312 ದಿನಗಳ ನಂತರ, 1969ರ ಏಪ್ರಿಲ್ 22ರಂದು ಇಲ್ಲಿಗೇ ಮರಳಿದರು. ಅಲ್ಲಿಯತನಕ ಲೋಕದಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. ಸಂಡೇ ಟೈಮ್ಸ್ ಪತ್ರಿಕೆ ಏರ್ಪಡಿಸಿದ್ದ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಹೊರಟವರು ಒಂಬತ್ತು ಮಂದಿ. ಗುರಿ ಮುಟ್ಟಿದವರು ಅವರೊಬ್ಬರೇ.

ಆ ಯಾನ ಹೊರಟ ಐವತ್ತನೇ ವರ್ಷದ ಸಂಭ್ರಮಕ್ಕೆ ಜನ ಬಂದದ್ದು ರಾಬಿನ್ ಅವರನ್ನು ನೋಡಲು. ನಾನು ದೋಣಿಯ ಹಲಗೆಗಳನ್ನೇ ನೋಡುತ್ತ ನಿಂತೆ. ಏಕೆಂದರೆ ಸುಹೈಲಿ ಹುಟ್ಟಿದ್ದು ಮುಂಬಯಿಯಲ್ಲಿ. ರಾಬಿನ್ ಆಗ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಅಧಿಕಾರಿಯಾಗಿದ್ದರು. 1963ರಲ್ಲಿ ಕಟ್ಟಲು ಶುರು ಮಾಡಿದ ದೋಣಿ 1964ರ ಕೊನೆಗೆ ನೀರಿಗಿಳಿಯಿತು. ನಕ್ಷೆ ಅಮೆರಿಕದ ವಿಲಿಯಂ ಆಟ್ಕಿನ್ ಅವರ ‘ಎರಿಕ್’. ಆ ನಕ್ಷೆಯ ಬೇರು ನಾರ್ವೆಯಲ್ಲಿದೆ. ಬಿರುಗಾಳಿಯಲ್ಲಿ ಸಿಕ್ಕ ಮೀನುಗಾರರನ್ನು ಉಳಿಸಲು ಕಾಲಿನ್ ಆರ್ಚರ್ ರೂಪಿಸಿದ ರಕ್ಷಣಾ ದೋಣಿಗಳ ಆಕಾರವದು. ಕಟ್ಟಿದವರು ಮುಂಬಯಿಯ ಬಡಗಿಗಳು. ಬಾಚಿ, ಉಳಿ, ಹಗ್ಗ ಎಳೆದು ತಿರುಗಿಸುವ ಬೈರಿಗೆ ಅವರ ಸಲಕರಣೆ. ಹಲಗೆ ತೇಗದ್ದು.

ನಾನು ಕರ್ನಾಟಕ ಕರಾವಳಿಯ ಗಂಗೊಳ್ಳಿ ಕಡೆಯವನು. ಅಳಿವೆಯಲ್ಲಿ ಮಂಜಿ ಎಂಬ ಮರದ ಹಡಗುಗಳು ನಿಂತಿರುವುದನ್ನು ನೋಡುತ್ತ ಬೆಳೆದರೂ ಹೊಟ್ಟೆಪಾಡಿಗೆ ಹಿಡಿದದ್ದು ಉಕ್ಕಿನ ಹಡಗು. ಮರೀನ್ ಎಂಜಿನಿಯರ್ ಆಗಿ ಅರ್ಧ ಆಯುಷ್ಯ ಎಂಜಿನ್ ಕೋಣೆಯಲ್ಲೇ ಕಳೆಯಿತು. ಮರದ ದೋಣಿ ಎಂದರೆ ಹಳೇ ಕಾಲದ ವಸ್ತು, ಪಾಪ ಉಳಿದಷ್ಟು ದಿನ ಉಳಿಯಲಿ ಎಂಬುದಷ್ಟೇ ನಮ್ಮ ಓರಗೆಯವರ ಭಾವನೆ. ನಿವೃತ್ತಿಯಾದ ಮೇಲೆ, ಮಗಳು ಕಾರ್ನ್‌ವಾಲ್‌ನಲ್ಲಿ ಕೆಲಸಕ್ಕಿರುವುದರಿಂದ, ಅಲ್ಲಿ ತಿಂಗಳುಗಟ್ಟಲೆ ಇರುವ ಅವಕಾಶ ಸಿಕ್ಕಿತು. ಸುಹೈಲಿಯನ್ನು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ. ಹತ್ತಿರದ ನದಿಮುಖದಲ್ಲಿ ಹಳೆಯ ಮರದ ದೋಣಿಗಳನ್ನು ದುರಸ್ತಿ ಮಾಡುವ ಒಂದು ಸಣ್ಣ ಯಾರ್ಡ್ ಇತ್ತು. ಅಲ್ಲಿಯ ಹಿರಿಯ ಬಡಗಿಯ ಕೈಕೆಳಗೆ ಸಂಬಳವಿಲ್ಲದ ಕೆಲಸಕ್ಕೆ ಸೇರಿಕೊಂಡೆ. ಇಲ್ಲಿ ಬರೆಯುತ್ತಿರುವ ಹೆಚ್ಚಿನದೆಲ್ಲ ಆ ಯಾರ್ಡಿನಲ್ಲಿ ಕೈಗೆ ಹತ್ತಿದ್ದು.

ಮೊದಲು ಕಲಿತದ್ದು ಸಂದಿ ತುಂಬುವ ಕೆಲಸ. ಎರಡು ಹಲಗೆಗಳ ನಡುವಿನ ಸಂದಿಗೆ ಹತ್ತಿಯ ಎಳೆಯನ್ನು ಸಣ್ಣ ಸಣ್ಣ ಕುಣಿಕೆಯಾಗಿ ಇಟ್ಟು, ಚಪ್ಪಟೆ ಬಾಯಿಯ ಉಳಿ ಮತ್ತು ಮರದ ಕೊಡತಿಯಿಂದ ಒಳಕ್ಕೆ ಕೂರಿಸಬೇಕು. ಮೇಲೆ ಪುಟ್ಟಿ. ನೋಡಲು ಸುಲಭ. ಆದರೆ ಎಷ್ಟು ಗಟ್ಟಿ ಹೊಡೆಯಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಕೊಡತಿಯ ಸದ್ದು ಹೇಳುತ್ತದೆ. ಹತ್ತಿ ಸರಿಯಾಗಿ ಕೂತಾಗ ಸದ್ದು ತುಂಬಿಕೊಂಡು ಬರುತ್ತದೆ. ಒಳಗೆ ಎಲ್ಲಾದರೂ ಮರ ಮೆತ್ತಗಾಗಿದ್ದರೆ ಸದ್ದು ಸತ್ತುಹೋಗುತ್ತದೆ. ಆ ಹಿರಿಯರು ಯಾರ್ಡಿನ ಆ ತುದಿಯಲ್ಲಿ ಕೂತು ಬೇರೇನೋ ಕೆಲಸ ಮಾಡುತ್ತಲೇ, ಈ ತುದಿಯಲ್ಲಿ ನಾನು ಹೊಡೆಯುವುದನ್ನು ಕಿವಿಯಿಂದಲೇ ಪರೀಕ್ಷಿಸುತ್ತಿದ್ದರು. ಎಂಜಿನ್ನಿನ ಸದ್ದು ಕೇಳಿ ಬೇರಿಂಗ್ ಸವೆದದ್ದನ್ನು ಗುರುತಿಸುವ ಕಿವಿ ನನಗೂ ಇತ್ತಾದ್ದರಿಂದ ಈ ವಿದ್ಯೆಯ ಬೆಲೆ ಬೇಗ ತಿಳಿಯಿತು.

ಅವರು ಕೊಟ್ಟ ಇನ್ನೊಂದು ಎಚ್ಚರಿಕೆ: ಬಹಳ ಕಾಲ ದಡದಲ್ಲಿ ಒಣಗಿದ ದೋಣಿಯ ಸಂದಿಗಳಿಗೆ ಹತ್ತಿಯನ್ನು ಬಿಗಿಯಾಗಿ ತುರುಕಬಾರದು. ನೀರಿಗಿಳಿದ ಮೇಲೆ ಹಲಗೆ ಉಬ್ಬುತ್ತದೆ. ಉಬ್ಬಲು ಜಾಗವಿಲ್ಲದಿದ್ದರೆ ಒಳಗಿನ ಅಡ್ಡಪಟ್ಟಿಗಳೇ ಮುರಿಯಬಹುದು, ಮೊಳೆಗಳು ಕಿತ್ತು ಬರಬಹುದು. ಹಾಗಾಗಿ ನೀರಿಗಿಳಿಸಿದ ಮೊದಲ ಒಂದೆರಡು ದಿನ ದೋಣಿಯನ್ನು ಕ್ರೇನಿನ ಪಟ್ಟಿಗಳಲ್ಲೇ ತೂಗುಹಾಕಿ, ಪಂಪು ಓಡಿಸುತ್ತ, ಒಳಗೆ ನೀರು ಬರುವುದನ್ನು ತಾಳ್ಮೆಯಿಂದ ನೋಡುತ್ತಿರಬೇಕು. ಮರ ಕುಡಿದು ಕುಡಿದು ತಾನೇ ಸಂದಿ ಮುಚ್ಚಿಕೊಳ್ಳುತ್ತದೆ. ಆ ವರ್ಷ ಊರಿಗೆ ಬಂದಾಗ, ದೋಣಿ ಕಟ್ಟಿ ಈಗ ಮನೆಯಲ್ಲೇ ಇರುವ ಆಚಾರ್ರೊಬ್ಬರ ಹತ್ತಿರ ಇದನ್ನು ಕೇಳಿದೆ. ನಾನು ಪೂರ್ತಿ ಹೇಳುವ ಮೊದಲೇ ಅವರು, “ಒಣ್ಗಿದ್ ಹಲ್ಗಿಗೆ ಜೋರ್ ಹೊಡುಕಾಗ ಮಾರ್ರೆ, ನೀರ್ ಕುಡೂಕೆ ಜಾಗ ಬೇಕಲ್ದಾ?” ಎಂದರು. ಕಾರ್ನ್‌ವಾಲ್ ಎಲ್ಲಿ, ಗಂಗೊಳ್ಳಿ ಎಲ್ಲಿ! ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಮರ ಇಬ್ಬರಿಗೂ ಒಂದೇ ಪಾಠ ಹೇಳಿತ್ತು.

ಸುಹೈಲಿಯ ಬಾಳಿನ ದೊಡ್ಡ ಗಂಡಾಂತರ ಅರ್ಥವಾದದ್ದು ಇದು ತಿಳಿದ ಮೇಲೆ. ದಕ್ಷಿಣ ಸಾಗರದ ಅಲೆಗಳನ್ನು ಗೆದ್ದ ಆ ದೋಣಿಯನ್ನು 1990ರ ದಶಕದ ಕೊನೆಯಲ್ಲಿ ಒಂದು ದೊಡ್ಡ ವಸ್ತುಸಂಗ್ರಹಾಲಯದಲ್ಲಿ, ಮಳೆ ಬಿಸಿಲು ತಾಗದಂತೆ, ಗೌರವದಿಂದ ಇರಿಸಿದ್ದರು. ಒಳಗಿನ ಒಣ ಗಾಳಿಗೆ ತೇಗದ ಹಲಗೆಗಳು ಕುಗ್ಗತೊಡಗಿದವು. ಬಾವಿಕಟ್ಟೆಯ ಮರದ ಮರಿಗೆಯನ್ನು ಬೇಸಿಗೆಯಲ್ಲಿ ಖಾಲಿ ಬಿಟ್ಟರೆ ಸೀಳುತ್ತದಲ್ಲ, ಹಾಗೆ. ಅಲ್ಲಿ ಸುಹೈಲಿ ಸಾಯುತ್ತಾಳೆಂದು ರಾಬಿನ್ ಅವರಿಗೆ ಅನ್ನಿಸಿತು. 2002ರಲ್ಲಿ ಹೊರಗೆ ತಂದರು. ಆಮೇಲಿನ ಜೀರ್ಣೋದ್ಧಾರ ಒಂದೇ ಉಸಿರಿಗೆ ಮುಗಿಯುವಂಥದ್ದಾಗಿರಲಿಲ್ಲ. ವರ್ಷಗಟ್ಟಲೆ, ಹಂತಹಂತವಾಗಿ ನಡೆಯಿತು. ವಯಸ್ಸಾಗಿದ್ದರೂ ಅವರು ತಾವೇ ಕೈಹಚ್ಚಿ ದುಡಿದರು. ವಸ್ತುವನ್ನು ಕಾಪಾಡುವುದೆಂದರೆ ಮುಟ್ಟದೆ ಇಡುವುದು ಎಂದು ನಾನೂ ನಂಬಿದ್ದೆ. ತಾಳೆಗರಿಗೆ, ಚಿತ್ರಪಟಕ್ಕೆ ಅದು ಸರಿ. ದೋಣಿ ಉಳಿಯುವುದು ನೀರಿನಲ್ಲಿ, ಬಳಕೆಯಲ್ಲಿ, ಪ್ರತಿವರ್ಷದ ರಿಪೇರಿಯಲ್ಲಿ.

ಉಪ್ಪುನೀರು ಮರಕ್ಕೆ ಶತ್ರು ಎಂದು ಹಲವರು ತಿಳಿದಿದ್ದಾರೆ. ಮರಕೊರಕ ಹುಳುವಿನ ಕಾಟ ಬಿಟ್ಟರೆ ಉಪ್ಪು ಮರವನ್ನು ಕಾಯುತ್ತದೆ. ಕೊಳೆ ಶುರುವಾಗುವುದು ಮೇಲಿನಿಂದ, ಮಳೆನೀರು ನಿಲ್ಲುವ ಮೂಲೆಯಿಂದ, ಗಾಳಿಯಾಡದ ಬೀರುವಿನ ಹಿಂಬದಿಯಿಂದ. ಅದಕ್ಕಿಂತ ಮೋಸದ್ದು ಕಬ್ಬಿಣ. ಹಲಗೆ ಹಿಡಿದ ಕಬ್ಬಿಣದ ಮೊಳೆ, ಬೋಲ್ಟುಗಳು ತುಕ್ಕು ಹಿಡಿದಾಗ ತಾವು ಮಾತ್ರ ಸವೆಯುವುದಿಲ್ಲ. ಸುತ್ತಲಿನ ಮರವನ್ನೂ ಕಪ್ಪಾಗಿಸಿ, ಮೆತ್ತಗೆ ಮಾಡಿ, ಹಿಡಿತ ಕಳೆಯುತ್ತವೆ. ಹೊರಗಿನಿಂದ ಬಣ್ಣ ಚೆನ್ನಾಗಿಯೇ ಇರುತ್ತದೆ. ಸುಹೈಲಿಯ ಹಲಗೆ ತೇಗವಾದ್ದರಿಂದ ಬಾಳಿತು, ಆದರೆ ಅದನ್ನು ಹಿಡಿದಿದ್ದ ಕಬ್ಬಿಣಕ್ಕೆ ಆ ಆಯುಷ್ಯವಿರಲಿಲ್ಲ. ಹಳೆಯ ಮೊಳೆಗಳನ್ನು ತೆಗೆದು ಹೊಸದಾಗಿ ಬಿಗಿಯುವುದೇ ಅವಳ ಜೀರ್ಣೋದ್ಧಾರದ ಬಹುದೊಡ್ಡ ಕೆಲಸ. ನೋಡುವವರ ಕಣ್ಣಿಗೆ ಅದರಲ್ಲಿ ಒಂದು ಮೊಳೆಯೂ ಕಾಣುವುದಿಲ್ಲ. ಯಾರ್ಡಿನಲ್ಲಿ ಹಾಗೆ ತುಕ್ಕುಹಿಡಿದ ಒಂದು ಬೋಲ್ಟನ್ನು ಹೊರತೆಗೆಯಲು ಒಮ್ಮೊಮ್ಮೆ ಇಡೀ ಬೆಳಿಗ್ಗೆ ಹೋಗುತ್ತಿತ್ತು. ಅವಸರಪಟ್ಟರೆ ಹಲಗೆಯೇ ಸೀಳುತ್ತದೆ.

1968ರ ಯಾನದಲ್ಲಿ ರಾಬಿನ್ ಅವರಿಗೆ ಎದುರಾದದ್ದೂ ಸಂದಿಯ ತೊಂದರೆಯೇ. ಅಟ್ಲಾಂಟಿಕ್‌ನಲ್ಲಿ ಕೇಪ್ ವರ್ಡೆ ದ್ವೀಪಗಳನ್ನು ದಾಟುವ ಹೊತ್ತಿಗೆ ದೋಣಿಗೆ ನೀರು ನುಗ್ಗತೊಡಗಿತು. ಧುಮುಕಿ ನೋಡಿದರೆ, ತಳದ ಉದ್ದಕ್ಕೂ ಹಾಯುವ ಮುಖ್ಯ ತೊಲೆಗೂ ಅದರ ಪಕ್ಕದ ಹಲಗೆಗೂ ನಡುವಿನ ಸಂದಿ ಕೂವೆಮರದ ಕೆಳಗೆ, ಎರಡೂ ಬದಿಯಲ್ಲಿ, ಬಾಯ್ಬಿಟ್ಟಿತ್ತು. ನೀರಿನ ಮೇಲ್ಮೈಯಿಂದ ಐದು ಅಡಿ ಕೆಳಗೆ, ಉಸಿರು ಕಟ್ಟಿಕೊಂಡು, ದೋಣಿ ಓಲಾಡುತ್ತಿರುವಾಗ ಹತ್ತಿ ತುಂಬಬೇಕು. ಮೊದಲ ಪ್ರಯತ್ನ ಕೈಗೂಡಲಿಲ್ಲ. ಎಳೆಯನ್ನು ಕೂರಿಸುವ ಮೊದಲೇ ಉಸಿರು ಮುಗಿಯುತ್ತಿತ್ತು. ಆಗ ಕ್ಯಾನ್ವಾಸಿನ ಉದ್ದ ಪಟ್ಟಿಗೆ ಹತ್ತಿಯನ್ನು ಹೊಲಿದು, ಟಾರು ಬಳಿದು, ತಾಮ್ರದ ಮೊಳೆಗಳನ್ನು ಮೊದಲೇ ಚುಚ್ಚಿಟ್ಟುಕೊಂಡು, ಮತ್ತೆ ಮತ್ತೆ ಮುಳುಗಿ ಸಂದಿಯ ಮೇಲೆ ಜಡಿದರು. ಅದು ಕಿತ್ತುಹೋಗದಂತೆ ಮೇಲೆ ತಾಮ್ರದ ತಗಡು ಹೊಡೆದರು. ನಡುವೆ ಶಾರ್ಕ್ ಒಂದು ಸುತ್ತತೊಡಗಿತು. ದೋಣಿ ಹತ್ತಿ ಅದನ್ನು ಗುಂಡಿಟ್ಟು ಕೊಂದು, ಮತ್ತೆ ನೀರಿಗಿಳಿದು ಕೆಲಸ ಮುಂದುವರಿಸಿದರು. ಯಾರ್ಡಿನಲ್ಲಿ, ಒಣ ನೆಲದ ಮೇಲೆ ನಿಂತು, ಚಹಾ ಕುಡಿಯುತ್ತ ಮಾಡುವಾಗಲೇ ಭುಜ ನೋಯುವ ಕೆಲಸವಿದು. ಅದನ್ನು ಮಾಡಿದ ಮೇಲೆ ಆ ಪ್ರಸಂಗ ನನಗೆ ಸಾಹಸಕಥೆಯಾಗಿ ಮಾತ್ರ ಉಳಿಯಲಿಲ್ಲ. ದೋಣಿ ಕಟ್ಟುವುದನ್ನು ಕಣ್ಣಾರೆ ಕಂಡಿದ್ದ ಒಬ್ಬ ನಾವಿಕ ತನ್ನ ವಿದ್ಯೆಯನ್ನು ಬಳಸಿದ ಬಗೆ ಎಂದು ಕಂಡಿತು. ಮುಂದೆ ದಕ್ಷಿಣ ಸಾಗರದಲ್ಲಿ ಅಲೆ ದೋಣಿಯನ್ನು ಮಗುಚಿ ಹಾಕಿ ಮೇಲಿನ ಕ್ಯಾಬಿನ್ನೇ ಜಾರಿದಾಗಲೂ ಅವರು ಅದನ್ನು ಬಿಗಿದು ಮುಂದುವರಿದರು. ತಾನೇ ದಾರಿ ಹಿಡಿಯುವ ಸ್ಟೀರಿಂಗ್ ಸಾಧನ ಮುರಿಯಿತು, ರೇಡಿಯೊ ಕೈಕೊಟ್ಟಿತು. ಸರಾಸರಿ 4 ನಾಟ್ ವೇಗ, ಅಷ್ಟೆ. ಮರದ ಒಡಲು ತಾಳಿತು.

ಮೆಡಿಟರೇನಿಯನ್ ಬಂದರುಗಳಲ್ಲಿ ಜೀರ್ಣೋದ್ಧಾರವಾದ ಹಳೆಯ ಯಾಟ್‌ಗಳನ್ನೂ ನಾನು ನೋಡಿದ್ದೇನೆ. ಸ್ಕಾಟ್ಲೆಂಡಿನ ವಿಲಿಯಂ ಫೈಫ್ ರೂಪಿಸಿದ ದೋಣಿಗಳ ರೇಖೆಗಳು ಕಣ್ಣಿಗೆ ಹಬ್ಬ. ಕನ್ನಡಿಯಂತೆ ಹೊಳೆಯುವ ವಾರ್ನಿಷ್, ಹಿತ್ತಾಳೆ, ಬಿಳಿ ಹಾಯಿ, ಎಲ್ಲವೂ ಚೆಂದ. ಅವುಗಳ ಹಿಂದಿರುವ ಕೌಶಲಕ್ಕೆ ತಲೆಬಾಗುತ್ತೇನೆ. ಆದರೂ ನನ್ನ ಮನಸ್ಸು ಸುಹೈಲಿಯ ಪಕ್ಷ. ಅವಳು ದಪ್ಪ, ನಿಧಾನ, ಸಾದಾ. ಹೊಸದರಂತೆ ಕಾಣಿಸುವ ಆಸೆ ಅವಳ ದುರಸ್ತಿಯಲ್ಲಿ ಎಲ್ಲೂ ಕಾಣಲಿಲ್ಲ. ಕೊಳೆತಷ್ಟನ್ನೇ ಕತ್ತರಿಸಿ, ಉದ್ದನೆಯ ಓರೆ ಜೋಡಣೆಯಿಂದ ಹೊಸ ಮರವನ್ನು ಹಳೆಯದಕ್ಕೆ ಸೇರಿಸುವುದು ಒಳ್ಳೆಯ ದುರಸ್ತಿಯ ಲಕ್ಷಣ. ಪೂರ್ತಿ ಕಿತ್ತು ಹೊಸದು ಹಾಕುವುದು ಸುಲಭ, ಹಣವಿದ್ದರೆ ಸಾಕು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಕ್ಕೆ ಮರದ ಮೇಲೆ ಗೌರವ ಬೇಕು.

ಅದೇ 2018ರಲ್ಲಿ ಗೋಲ್ಡನ್ ಗ್ಲೋಬ್ ಸ್ಪರ್ಧೆ ಹಳೆಯ ಕಾಲದ ಬಗೆಯಲ್ಲೇ ಮತ್ತೆ ನಡೆಯಿತು. ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿ ಹೊರಟದ್ದು ‘ತುರಿಯಾ’ದಲ್ಲಿ. ಅದು ಸುಹೈಲಿಯ ಪ್ರತಿರೂಪ. ಕಟ್ಟಿದ್ದು ಗೋವಾದ ರತ್ನಾಕರ ದಾಂಡೇಕರ್ ಅವರ ಯಾರ್ಡಿನಲ್ಲಿ. ಸೆಪ್ಟೆಂಬರ್‌ನಲ್ಲಿ ಹಿಂದೂ ಮಹಾಸಾಗರದ ದಕ್ಷಿಣದ ಬಿರುಗಾಳಿಗೆ ಕೂವೆಮರ ಮುರಿದು, ಅಭಿಲಾಷ್ ಬೆನ್ನಿಗೆ ಪೆಟ್ಟಾಗಿ ಮಲಗಿಬಿಟ್ಟರು. ಫ್ರಾನ್ಸಿನ ‘ಒಸಿರಿಸ್’ ಹಡಗು ಅವರನ್ನು ಉಳಿಸಿತು. ಮುಂದಿನ ಸ್ಪರ್ಧೆಯಲ್ಲಿ, ಬೇರೆ ದೋಣಿಯಲ್ಲಿ, 2023ರಲ್ಲಿ ಅವರು ಎರಡನೆಯವರಾಗಿ ಗುರಿ ಮುಟ್ಟಿದರು. ಇದೇ ದಾಂಡೇಕರ್ ಅವರ ಯಾರ್ಡ್ ನೌಕಾಪಡೆಗೆ ಮೊದಲು ಕಟ್ಟಿಕೊಟ್ಟ ವಿಶ್ವಯಾನದ ದೋಣಿಯ ಹೆಸರು ‘ಮ್ಹಾದೇಯಿ’. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವಾಕ್ಕೆ ಇಳಿಯುವ ಮಹದಾಯಿಯ ಹೆಸರದು.

ಮುಂಬಯಿಯ ತೇಗದ ಕೆಲಸಕ್ಕೆ ದೊಡ್ಡ ಪರಂಪರೆಯಿದೆ. ಜಮ್‌ಶೆಟ್‌ಜಿ ಬೊಮನ್‌ಜಿ ವಾಡಿಯಾ ಕಟ್ಟಿ, 1817ರಲ್ಲಿ ಅಲ್ಲಿ ನೀರಿಗಿಳಿಸಿದ ಬ್ರಿಟಿಷ್ ಯುದ್ಧನೌಕೆ ‘ಟ್ರಿಂಕೊಮಲಿ’ ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಎರಡು ಶತಮಾನ ಕಳೆದರೂ ಕಟ್ಟಿದ ಯಜಮಾನನ ಹೆಸರು ಉಳಿದಿದೆ. ಬಾಚಿ ಹಿಡಿದವರದು ಉಳಿದಿಲ್ಲ. ಸುಹೈಲಿಯದೂ ಅದೇ ಕಥೆ. ಫಾಲ್ಮತ್‌ನಲ್ಲಿ ಅವತ್ತು ನಾವಿಕನ ಹೆಸರು ಕೇಳಿದೆ, ನಕ್ಷೆ ಬರೆದವರ ಹೆಸರು ಕೇಳಿದೆ. ಆ ಹಲಗೆಗಳನ್ನು ಬಾಗಿಸಿ ಕೂರಿಸಿದ ಬಡಗಿಗಳಲ್ಲಿ ಒಬ್ಬರ ಹೆಸರನ್ನೂ ಯಾರ ಬಾಯಲ್ಲೂ ಕೇಳಲಿಲ್ಲ. ಆ ಇಡೀ ಸಂಭ್ರಮದಲ್ಲಿ ನನಗೆ ನೋವಾದದ್ದು ಅದೊಂದಕ್ಕೆ.

ನಮ್ಮ ಕರಾವಳಿಯಲ್ಲಿ ಈಗ ಫೈಬರ್ ಮತ್ತು ಉಕ್ಕಿನ ಬೋಟುಗಳ ಕಾಲ. ಮೀನುಗಾರನಿಗೆ ಅದು ಅನುಕೂಲವಾದರೆ ಬೇಡ ಎನ್ನಲು ನಾನ್ಯಾರು? ಆದರೆ ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕಾರವಾರದ ಕಡೆ ಮರದ ದೋಣಿ ಕಟ್ಟಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ನಿಮ್ಮ ಊರಿನಲ್ಲಿ ಅಂಥವರಿದ್ದರೆ, ಅವರ ಕೈ ಆಡುತ್ತಿರುವಾಗಲೇ ಹೋಗಿ ಪಕ್ಕದಲ್ಲಿ ಕೂರಿ. ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಮರದ ಹೆಸರು, ಸಲಕರಣೆಯ ಹೆಸರು, ಅಳತೆಯ ಲೆಕ್ಕ, ಎಲ್ಲವನ್ನೂ ಅವರು ಆಡುವ ಮಾತಿನಲ್ಲೇ ಬರೆದುಕೊಳ್ಳಿ. ಬರೆಯುವಾಗ ಅವರ ಹೆಸರನ್ನು ಮೊದಲ ಸಾಲಿನಲ್ಲೇ ಹಾಕಿ.