ಪಾದಯಾತ್ರೆ: ಪಾದದ ಆರೈಕೆಯೂ ವ್ರತದ ಭಾಗ

ಶಿವರಾತ್ರಿ ಸಮೀಪಿಸಿದಂತೆ ಭಕ್ತರಲ್ಲಿ ಪಾದಯಾತ್ರೆಯ ಮಾತು ಕೇಳಿಬರುತ್ತದೆ. ವಯಸ್ಸಾದವರು ನಡೆಯಬಹುದೇ, ಸಕ್ಕರೆ ಕಾಯಿಲೆ ಇದ್ದವರು ಬರಿಗಾಲಿನ ಹರಕೆ ಹೊರಬಹುದೇ, ಮಲೆನಾಡಿನ ಹಾದಿಯಲ್ಲಿ ಮಂಗನ ಕಾಯಿಲೆಯ ಭಯವಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಭದ್ರಾವತಿಯಿಂದ ಕವಲೇದುರ್ಗದವರೆಗೆ ಆರು ದಿನಗಳ ಕಾಲ ಊರಿಂದೂರಿಗೆ ನಡೆದ ನಮ್ಮ ಅನುಭವವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲು ಯತ್ನಿಸುತ್ತೇವೆ.

ನಡಿಗೆ ನಮ್ಮ ಪರಂಪರೆಗೆ ಹೊಸತಲ್ಲ. ಜಂಗಮವೆಂಬ ಶಬ್ದದಲ್ಲಿಯೇ ಚಲನೆಯಿದೆ. ನಮ್ಮ ಜಿಲ್ಲೆಯ ಉಡುತಡಿಯಿಂದ ಹೊರಟ ಅಕ್ಕಮಹಾದೇವಿಯವರು ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ಸಾಗಿದರು. ಆದರೆ ಅಂದಿನವರಿಗೆ ನಡಿಗೆ ನಿತ್ಯದ ರೂಢಿ. ನಮಗಾದರೋ ವರ್ಷಕ್ಕೊಮ್ಮೆಯ ಸಂಕಲ್ಪ. ಈ ವ್ಯತ್ಯಾಸವನ್ನು ಮರೆತು ಹೊರಡುವುದೇ ಹೆಚ್ಚಿನ ತೊಂದರೆಗಳಿಗೆ ಮೂಲ.

ಹಾದಿ ಮತ್ತು ಸಿದ್ಧತೆ

ಭದ್ರೆಯ ದಡದಿಂದ ಹೊರಟವರು ಮೊದಲ ದಿನ ಶಿವಮೊಗ್ಗ ಸೇರುತ್ತೇವೆ. ಆ ಬಳಿಕ ತುಂಗೆಯ ಜೊತೆಯಲ್ಲಿ ಮೇಲ್ಮುಖವಾಗಿ ಪಯಣ. ಎರಡನೆಯ ದಿನ ಗಾಜನೂರಿನ ಅಣೆಕಟ್ಟೆ ಮತ್ತು ಸಕ್ರೆಬೈಲಿನ ಆನೆ ಬಿಡಾರ, ಮೂರನೆಯ ದಿನ ಮಂಡಗದ್ದೆ, ನಾಲ್ಕನೆಯ ದಿನ ಮಾಳೂರಿನ ಕಡೆ, ಐದನೆಯ ದಿನ ತೀರ್ಥಹಳ್ಳಿ, ಕಡೆಯ ದಿನ ಕೆಳದಿ ಅರಸರ ಕೋಟೆಯಿರುವ ಕವಲೇದುರ್ಗ. ಒಟ್ಟು ಸುಮಾರು 100 ಕಿಲೋಮೀಟರ್. ದಿನಕ್ಕೆ 15ರಿಂದ 20 ಕಿಲೋಮೀಟರ್ ಎಂದರೆ ಕಡಿಮೆಯೆಂದು ತೋರಬಹುದು. ಒಂದು ದಿನ ನಡೆಯುವುದು ಸುಲಭ. ಮರುದಿನ ಅದೇ ಕಾಲುಗಳ ಮೇಲೆ ಮತ್ತೆ ಏಳುವುದೇ ನಿಜವಾದ ಪರೀಕ್ಷೆ.

ಆದುದರಿಂದ ಕನಿಷ್ಠ ಆರು ವಾರ ಮೊದಲೇ ಅಭ್ಯಾಸ ಆರಂಭವಾಗಬೇಕು. ದಿನಕ್ಕೆ ಅರ್ಧ ಗಂಟೆಯಿಂದ ಆರಂಭಿಸಿ ಎರಡು ಗಂಟೆಯವರೆಗೆ ನಿಧಾನವಾಗಿ ಏರಿಸಬೇಕು. ಕೊನೆಯ ವಾರಗಳಲ್ಲಿ ಎರಡು ದಿನ ಎಡೆಬಿಡದೆ ದೀರ್ಘವಾಗಿ ನಡೆದು ನೋಡಬೇಕು. ಹೊಸ ಪಾದರಕ್ಷೆಯನ್ನು ಯಾತ್ರೆಯ ದಿನವೇ ತೊಡಬಾರದು. ಹೆಗಲ ಚೀಲದ ಭಾರ ದೇಹದ ತೂಕದ ಹತ್ತನೆಯ ಒಂದು ಭಾಗವನ್ನು ಮೀರದಿರಲಿ. ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕಂಡು, ನಡೆಯುವ ದಿನಗಳಲ್ಲಿ ಔಷಧದ ಪ್ರಮಾಣ ಬದಲಾಗಬೇಕೇ ಎಂದು ಕೇಳಿಯೇ ಹೊರಡಬೇಕು.

ಮರೆಮಾಚಿದ ಗಾಯ

ನಮ್ಮ ಮೊದಲ ಯಾತ್ರೆಯಲ್ಲಿ ಅರವತ್ತು ದಾಟಿದ ಹಿರಿಯರೊಬ್ಬರಿದ್ದರು. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಹರಕೆಯೆಂದು ಬರಿಗಾಲಿನಲ್ಲಿಯೇ ನಡೆಯುತ್ತಿದ್ದರು. ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಉತ್ಸಾಹದಿಂದ. ಮೂರನೆಯ ದಿನ ಸಂಜೆ ಮಂಡಗದ್ದೆಯಲ್ಲಿ ಕಾಲು ತೊಳೆದು ಒರೆಸಿಕೊಂಡಾಗ ಅವರ ವಸ್ತ್ರದಲ್ಲಿ ರಕ್ತದ ಕಲೆ ಕಂಡಿತು. ಅಂಗಾಲಿನ ಬೊಕ್ಕೆ ಒಡೆದು ಹುಣ್ಣಾಗಿತ್ತು. ಕೇಳಿದರೆ, "ನೋವೇ ಇಲ್ಲವಲ್ಲ" ಎಂದರು. ಹಿಂದಿನ ದಿನವೇ ಬೊಕ್ಕೆಯನ್ನು ಕಂಡಿದ್ದರೂ ಹೇಳಿಕೊಂಡರೆ ಹರಕೆಗೆ ಭಂಗ ಬರುವುದೆಂದು ಸುಮ್ಮನಿದ್ದರಂತೆ.

ನೋವಿಲ್ಲದಿರುವುದು ಅಲ್ಲಿ ಶುಭಲಕ್ಷಣವಾಗಿರಲಿಲ್ಲ. ದೀರ್ಘಕಾಲದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಸಂವೇದನೆಯನ್ನು ಕಳೆದುಕೊಳ್ಳುತ್ತವೆ. ಮುಳ್ಳು ಚುಚ್ಚಿದರೂ ಡಾಂಬರು ಸುಟ್ಟರೂ ತಿಳಿಯದು. ರಕ್ತಸಂಚಾರವೂ ಕುಂದಿರುವುದರಿಂದ ಗಾಯ ಬೇಗ ಮಾಯದು. ಕೂಡಲೇ ವಾಹನದಲ್ಲಿ ಅವರನ್ನು ವೈದ್ಯರ ಬಳಿ ಕಳುಹಿಸಿದೆವು. ಕಾಲು ಉಳಿಯಿತು, ಆದರೆ ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ಅವರ ಮೌನವನ್ನು ಮಾತ್ರ ದೂರುವುದು ನ್ಯಾಯವಲ್ಲ. ಎರಡು ರಾತ್ರಿ ಜೊತೆಯಲ್ಲಿ ತಂಗಿದ್ದರೂ ಅವರ ಪಾದವನ್ನು ನಾವೊಬ್ಬರೂ ನೋಡಿರಲಿಲ್ಲ.

ಅಂದಿನಿಂದ ನಮ್ಮ ತಂಡದಲ್ಲಿ ಒಂದು ನಿಯಮವಿದೆ. ಪ್ರತಿದಿನ ಸಂಜೆ, ಊಟಕ್ಕೆ ಮೊದಲು, ಎಲ್ಲರ ಪಾದಗಳನ್ನೂ ಬೆಳಕಿನಲ್ಲಿ ಪರೀಕ್ಷಿಸಬೇಕು. ಬೆರಳುಗಳ ಸಂದು, ಹಿಮ್ಮಡಿ, ಅಂಗಾಲು ಎಲ್ಲವನ್ನೂ ನೋಡಬೇಕು. ಎಲ್ಲಿಯಾದರೂ ಕೆಂಪಾಗಿ ಉರಿಯುತ್ತಿದ್ದರೆ ಬೊಕ್ಕೆ ಏಳುವ ಮೊದಲೇ ಅಲ್ಲಿಗೆ ಪಟ್ಟಿ ಅಂಟಿಸಬೇಕು. ಒಡೆಯದ ಸಣ್ಣ ಬೊಕ್ಕೆಯನ್ನು ಚುಚ್ಚಬಾರದು. ಅದರ ಮೇಲಿನ ಚರ್ಮವೇ ರಕ್ಷಣೆ. ಒಡೆದಿದ್ದರೆ ಶುದ್ಧ ನೀರು, ಸಾಬೂನಿನಿಂದ ತೊಳೆದು, ಒಣಗಿಸಿ, ಶುಭ್ರವಾದ ಬಟ್ಟೆ ಕಟ್ಟಬೇಕು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಎಷ್ಟೇ ಚಿಕ್ಕ ಗಾಯ ಕಂಡರೂ ಅಂದಿಗೆ ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಅವರು ಬರಿಗಾಲಿನ ಹರಕೆ ಹೊರದಿರುವುದೇ ಲೇಸು. ನಡೆಯುವಾಗ ನಡುಕ, ಬೆವರು, ಕಣ್ಣುಕತ್ತಲೆ ಕಂಡುಬಂದರೆ ಸಕ್ಕರೆಯ ಅಂಶ ಇಳಿದಿರಬಹುದು. ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಬೆರೆಸಿ ಕುಡಿದು ಕುಳಿತುಕೊಳ್ಳಬೇಕು.

ನೀರು, ಆಹಾರ, ಹೊತ್ತು

ಬೆಳಗಿನ ಪೂಜೆ ಮುಗಿಸಿ ಬೆಳಕು ಹರಿಯುತ್ತಲೇ ಹೊರಟು, ಹನ್ನೊಂದು ಗಂಟೆಯೊಳಗೆ ಹೆಚ್ಚಿನ ದಾರಿ ಸವೆಸಬೇಕು. ನಡು ಮಧ್ಯಾಹ್ನ ನೆರಳಿನಲ್ಲಿ ವಿಶ್ರಾಂತಿ. ತಂಡದ ವೇಗವನ್ನು ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ನಿರ್ಧರಿಸಲಿ. ಬಿಸಿಲಿನಲ್ಲಿ ಗಂಟೆಗೆ ಸುಮಾರು ಅರ್ಧ ಲೀಟರು ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. ತುಂಗಾ ಪಾನವೆಂಬ ಮಾತು ನಮಗೆಲ್ಲ ಪ್ರಿಯವೇ; ಆದರೆ ದಡದಲ್ಲಿ ಊರುಗಳು ಬೆಳೆದಿರುವ ಈ ಕಾಲದಲ್ಲಿ ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕು. ಭೇದಿಯಾದರೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಆಗಾಗ ಕುಡಿಸಬೇಕು. ಹಳ್ಳಿಯ ದಾಸೋಹದ ಗಂಜಿ, ರೊಟ್ಟಿ, ಮಜ್ಜಿಗೆ, ಬಾಳೆಹಣ್ಣು ನಡೆಯುವವರಿಗೆ ಉತ್ತಮ ಆಹಾರ. ಎಣ್ಣೆಯಲ್ಲಿ ಕರಿದ ತಿಂಡಿಯನ್ನು ಹಗಲಿನಲ್ಲಿ ಬಿಡುವುದು ಒಳಿತು.

ಉಣುಗಿನ ಎಚ್ಚರ

ಮಂಗನ ಕಾಯಿಲೆ ಮೊದಲು ಗುರುತಿಸಲ್ಪಟ್ಟದ್ದು 1957ರಲ್ಲಿ, ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈರಾಣು ಹೊತ್ತ ಉಣುಗು ಕಚ್ಚುವುದರಿಂದ ಇದು ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡದು. ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಇದರ ಹಾವಳಿ ಹೆಚ್ಚು. ನಮ್ಮ ಪಾದಯಾತ್ರೆಗಳ ಕಾಲವೂ ಅದೇ ಎಂಬುದನ್ನು ಮರೆಯಬಾರದು.

ಉಣುಗಿನ ಮರಿ ಎಳ್ಳಿನಷ್ಟು ಚಿಕ್ಕದು. ಆದ್ದರಿಂದ ಕಾಡಂಚಿನಲ್ಲಿ ಮೈಮುಚ್ಚುವ ಉಡುಪು ತೊಟ್ಟು, ಆರೋಗ್ಯ ಇಲಾಖೆ ವಿತರಿಸುವ ಡೆಪಾ ತೈಲವನ್ನು ಕೈಕಾಲುಗಳಿಗೆ ಲೇಪಿಸಿಕೊಳ್ಳಬೇಕು. ತರಗೆಲೆಯ ರಾಶಿಯ ಮೇಲೆ ಕೂರಬಾರದು, ಮಲಗಬಾರದು. ಮಂಗ ಸತ್ತಿರುವುದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ತಂಗುದಾಣ ಸೇರಿದೊಡನೆ ಬಿಸಿನೀರು, ಸಾಬೂನಿನಿಂದ ಮಿಂದು, ಉಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಉಣುಗು ಅಂಟಿದ್ದರೆ ಚಿಮಟಿಗೆಯಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಬೇಕು. ಉಗುರಿನಿಂದ ಹಿಸುಕಬಾರದು, ಸುಡಬಾರದು.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ರೋಗ ತಲೆದೋರುತ್ತದೆ. ಅಂದರೆ ಯಾತ್ರೆ ಮುಗಿಸಿ ಮನೆ ಸೇರಿದ ಮೇಲೂ ಬರಬಹುದು. ಹಠಾತ್ತನೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಂಡರೆ ನಡಿಗೆಯ ದಣಿವೆಂದು ಮಲಗಿಬಿಡಬಾರದು. ಅಂದೇ ವೈದ್ಯರನ್ನು ಕಂಡು, "ಕಾಡಿನ ಹಾದಿಯಲ್ಲಿ ನಡೆದು ಬಂದಿದ್ದೇವೆ" ಎಂದು ತಪ್ಪದೆ ತಿಳಿಸಬೇಕು. ಆ ಒಂದು ಮಾತಿನಿಂದ ಸಕಾಲದಲ್ಲಿ ರಕ್ತಪರೀಕ್ಷೆ ನಡೆದು ಜೀವ ಉಳಿಯಬಹುದು. ಶಿವಮೊಗ್ಗದಲ್ಲಿಯೇ ಇದಕ್ಕಾಗಿ ವೈರಾಣು ಪ್ರಯೋಗಾಲಯವಿದೆ. ಈ ರೋಗದಲ್ಲಿ ರಕ್ತಸ್ರಾವದ ಅಪಾಯವಿರುವುದರಿಂದ ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳನ್ನು ಸ್ವತಃ ನುಂಗಕೂಡದು. ಜ್ವರ ಬಿಟ್ಟ ಒಂದೆರಡು ವಾರಗಳ ಬಳಿಕ ಕೆಲವರಲ್ಲಿ ಅದು ಮರುಕಳಿಸುವುದುಂಟು. ಆಗಲೂ ಆಸ್ಪತ್ರೆಗೆ ಹೋಗಬೇಕು.

ಹೇಳಿಕೊಳ್ಳುವುದೂ ಭಕ್ತಿಯೇ

ಈ ಎರಡೂ ಅಪಾಯಗಳಿಗೆ ಮದ್ದು ಒಂದೇ: ದೇಹ ನೀಡುವ ಸೂಚನೆಯನ್ನು ಮರೆಮಾಚದೆ ಹೊತ್ತಿಗೆ ಸರಿಯಾಗಿ ಹೇಳಿಕೊಳ್ಳುವುದು. ಲಿಂಗವನ್ನು ಧರಿಸಿದ ಈ ಕಾಯವನ್ನು ಕಾಪಾಡಿಕೊಳ್ಳುವುದು ವ್ರತಭಂಗವಲ್ಲ, ವ್ರತದ ಪಾಲನೆ.

ಆ ಹಿರಿಯರು ಮರುವರ್ಷವೂ ಬಂದರು. ಪಾದರಕ್ಷೆ ತೊಟ್ಟು ಶಿವಮೊಗ್ಗದವರೆಗೆ ನಮ್ಮೊಡನೆ ನಡೆದು, ಮುಂದೆ ನೀರಿನ ವಾಹನದಲ್ಲಿ ಸಾಗಿದರು. ಸಂಜೆ ದೀಪ ಹಿಡಿದು ಎಲ್ಲರ ಪಾದ ಪರೀಕ್ಷಿಸುವ ಸೇವೆಯನ್ನು ತಾವಾಗಿಯೇ ವಹಿಸಿಕೊಂಡರು. ಕಿರಿಯರು ಸಂಕೋಚದಿಂದ ಕಾಲು ಹಿಂದೆಳೆದುಕೊಂಡರೆ, "ನಾನು ಮುಚ್ಚಿಟ್ಟು ಕೆಟ್ಟೆ, ನೀವು ತೋರಿಸಿ" ಎನ್ನುತ್ತಿದ್ದರು. ಈ ವರ್ಷ ಹೊರಡುವ ಸದ್ಭಕ್ತರೆಲ್ಲರೂ ಆ ಮಾತನ್ನು ನೆನಪಿನಲ್ಲಿಟ್ಟುಕೊಂಡು ಕ್ಷೇಮವಾಗಿ ಹೋಗಿಬರಲೆಂದು ಹಾರೈಸುತ್ತೇವೆ.